ಗಟ್ಟಿ ರಬ್ಬರಿನ ಎಂಟು ರಿಂಗು

ತಟ್ಟೆಯನ್ನು ಮುಂದಕ್ಕೆ ತಳ್ಳಿದ ರೀತಿಯಲ್ಲೇ ಏನೋ ಇತ್ತು. ರಿಪೇರಿ ಅಂಗಡಿಯ ಹೆಂಗಸು ಮೂರು ಪೊಟ್ಟಣ ಒಡೆದು, ಅವುಗಳಲ್ಲಿದ್ದ ರಬ್ಬರ್ ರಿಂಗುಗಳನ್ನು ಹಳೆಯ ಸ್ಟೀಲ್ ತಟ್ಟೆಗೆ ಸುರಿದು, ಎರಡೇ ಬೆರಳಿನಿಂದ ಅದನ್ನು ಮೇಜಿನ ಈಚೆಗೆ ಸರಿಸಿ, ‘ಆರಿಸ್ಕೊಳ್ಳಿ’ ಎಂದು ಕೈ ಒರೆಸಿಕೊಂಡಳು. ಕಪ್ಪಗಿನವು, ಬೂದು ಬಣ್ಣದವು, ಕೆಂಪಗೆ ಮೆತ್ತಗಿದ್ದವು. ಕಿರುಬೆರಳಿನ ತುದಿಗೆ ಸಿಕ್ಕಿ ಅಲ್ಲೇ ನಿಲ್ಲುವಷ್ಟು ಚಿಕ್ಕವು. ತನಗಿಂತ ಮುಂಚೆ ಬಂದವರಿಗೂ ಹೀಗೆಯೇ ತಳ್ಳಿದಳೋ, ಅಥವಾ ಅವರಿಗೆ ಐದೂ ಬೆರಳಿನ ಮರ್ಯಾದೆ ಸಿಕ್ಕಿತೋ ಎಂದು ಅವನು ಯೋಚಿಸಿದ. ಅವನು ನಗರದ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನು. ಇಪ್ಪತ್ತೆರಡು ವರ್ಷದಿಂದ ಮೊದಲ ಕುರ್ಚಿಯವನು, ಎಂದರೆ ಟ್ರಂಪೆಟ್ಟಿನವರಿಗೆಲ್ಲ ಮುಖ್ಯಸ್ಥ. ಎರಡು ವರ್ಷಕ್ಕೊಮ್ಮೆ ಆ ಕುರ್ಚಿಗೆ ಪರೀಕ್ಷೆ ನಡೆಯುತ್ತದೆ. ಈ ಸಲದ್ದು ಅಂದೇ ಸಂಜೆ ನಾಲ್ಕಕ್ಕೆ. ಅದು ಅವಳಿಗೂ ಗೊತ್ತಿರಲೇಬೇಕು. ಊದುವವರೆಲ್ಲ ಬರುವುದು ಅವಳ ಅಂಗಡಿಗೇ. ಯಾರ ವಾದ್ಯದಲ್ಲಿ ಎಲ್ಲಿ ತೂತು, ಯಾರ ಎದೆಯಲ್ಲಿ ಎಷ್ಟು ಉಸಿರು ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತದೆ.

‘ಸದ್ದಿಗೆ ತಾನೆ?’ ಎಂದಳು.

‘ಹೂಂ, ಸದ್ದಿಗೆ.’

ಇದು ಸುಳ್ಳು, ಮತ್ತು ಹೇಳಿದ ಮರುಗಳಿಗೆಯೇ ಅದು ಸುಳ್ಳೆಂದು ಅವಳಿಗೆ ತಿಳಿದುಹೋಯಿತೆಂದು ಅವನಿಗೆ ಅನ್ನಿಸಿತು. ಟ್ರಂಪೆಟ್ಟಿನ ಮುಂದೆ ಬಾಗಿದ ಕೊಳವೆಯೊಂದು ಇರುತ್ತದೆ, ಸ್ಲೈಡು. ಹೊರಕ್ಕೆ ಎಳೆದರೆ ಸ್ವರ ಇಳಿಯುತ್ತದೆ, ಒಳಕ್ಕೆ ತಳ್ಳಿದರೆ ಏರುತ್ತದೆ. ಪೂರ್ತಿ ತಳ್ಳಿದಾಗ ಹಿತ್ತಾಳೆಗೆ ಹಿತ್ತಾಳೆ ಬಡಿದು ಟಕ್ಕೆನ್ನದಿರಲಿ ಎಂದು ಜನ ಅದರ ಎರಡೂ ಕಾಲಿಗೆ ಒಂದೊಂದು ರಬ್ಬರ್ ರಿಂಗು ತೊಡಿಸುತ್ತಾರೆ. ಅವನಿಗೆ ಸದ್ದಿನ ಚಿಂತೆಯಿರಲಿಲ್ಲ. ಸ್ಲೈಡು ತಾನು ಇಟ್ಟ ಜಾಗದಿಂದ ಒಳಕ್ಕೆ ಹೋಗಬಾರದು, ಯಾರು ತಳ್ಳಿದರೂ ಹೋಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಆ ಜಾಗಕ್ಕೆ ಗುರುತೂ ಇತ್ತು. ಮೊದಲ ಕುರ್ಚಿ ಸಿಕ್ಕಿದ ವಾರ ಹೆಂಡತಿಯ ಹೊಲಿಗೆ ಸೂಜಿ ತೆಗೆದುಕೊಂಡು ಸ್ಲೈಡಿನ ಕಾಲಿನ ಮೇಲೆ ಕೂದಲೆಳೆಯಂಥ ಗೀರು ಎಳೆದಿದ್ದ. ಗೀರು ಹೊರಕೊಳವೆಯ ಬಾಯಿಗೆ ಬಂದು ನಿಂತರೆ ಅವನ ಸ್ವರ ಸರಿ. ಹನ್ನೆರಡು ಮಿಲಿಮೀಟರು ಹೊರಗೆ. ಕಣ್ಣು ಮುಚ್ಚಿ ನಂಬಬಹುದಾದದ್ದು ಈ ಪ್ರಪಂಚದಲ್ಲಿ ಅದೊಂದೇ ಎಂದು ಅವನು ಒಮ್ಮೆ ಹೆಂಡತಿಗೆ ಹೇಳಿದ್ದ. ಅವಳು ನಗದೆ, ‘ಹೌದು ಬಿಡಿ, ನಾವೆಲ್ಲ ಆಮೇಲೆ’ ಎಂದಿದ್ದಳು. ಮೂರು ವಾರದ ಹಿಂದೆ ಅಭ್ಯಾಸ ಮುಗಿಸಿ ವಾದ್ಯ ಒರೆಸುವಾಗ ನೋಡಿದರೆ ಗೀರೇ ಇಲ್ಲ. ಒಳಗೆ ಹೋಗಿತ್ತು. ಎಳೆದು ಅಳೆದ: ಆರು ಮಿಲಿಮೀಟರು. ತಾನಾಗಿ ಸರಿದಿರಬಹುದೆಂದು ಮತ್ತೆ ಗೀರಿಗೆ ತಂದಿಟ್ಟ. ಮಾರನೆಯ ಅಭ್ಯಾಸದ ನಂತರ ಮತ್ತೆ ಆರು. ಅದರ ಮುಂದಿನ ಸಲವೂ ಆರು. ತಾನಾಗಿ ಸರಿಯುವ ವಸ್ತು ಒಂದು ದಿನ ನಾಲ್ಕು ಸರಿಯುತ್ತದೆ, ಇನ್ನೊಂದು ದಿನ ಒಂಬತ್ತು. ಲೆಕ್ಕವಿಟ್ಟು ಸರಿಯುವುದು ಮನುಷ್ಯನ ಕೈ ಮಾತ್ರ.

ಯಾರ ಕೈ ಎಂದು ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ಅವನ ಸೊಂಟ ಹಿಡಿದುಕೊಂಡಾಗಿನಿಂದ ವಾದ್ಯಗಳ ಕೋಣೆಯಿಂದ ಸಭಾಂಗಣಕ್ಕೆ ಅವನ ಟ್ರಂಪೆಟ್ ಹೊತ್ತು ತಂದಿಡುತ್ತಿದ್ದವನು ಎರಡನೆಯ ಕುರ್ಚಿಯವನು. ಅವನ ಭಾವಮೈದುನ, ಹೆಂಡತಿಯ ತಮ್ಮ. ನಲವತ್ತು ದಾಟಿ ತಲೆ ಬೋಳಾಗುತ್ತಿದ್ದರೂ ಮನೆಯಲ್ಲಿ ಅವನು ಇನ್ನೂ ಪುಟ್ಟ. ಅವನ ತುಟಿಗೆ ಮೊದಲ ಸಲ ಹಿತ್ತಾಳೆ ತಾಗಿಸಿದವನೇ ಈ ಭಾವ. ಕೆನ್ನೆ ಉಬ್ಬಿಸಬೇಡ, ಹೊಟ್ಟೆಯಿಂದ ಊದು ಎಂದು ಹಿತ್ತಿಲಲ್ಲಿ ನಿಲ್ಲಿಸಿ ಬೈದು ಕಲಿಸಿದ್ದ. ಕಲಿಸಿದ ಗುರುವಿಗೇ ತಿರುಮಂತ್ರ. ಪುಟ್ಟನ ಅಕ್ಕನಿಗೂ ಇದರಲ್ಲಿ ಪಾಲಿದೆಯೋ ಏನೋ. ಹೋದ ವಾರ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅಡುಗೆಮನೆಯಲ್ಲಿ ಅಕ್ಕ ತಮ್ಮ ಪಿಸಪಿಸ ಮಾತಾಡುತ್ತಿದ್ದವರು ಇವನನ್ನು ಕಂಡು ನಿಲ್ಲಿಸಿಬಿಟ್ಟಿದ್ದರು. ‘ಏನೂ ಇಲ್ಲ ಭಾವ, ಅಕ್ಕನ ಮಂಡಿನೋವಿನ ವಿಷಯ’ ಎಂದಿದ್ದ ಪುಟ್ಟ. ಮಂಡಿನೋವಿನ ವಿಷಯ ಯಾರಾದರೂ ಪಿಸುಮಾತಿನಲ್ಲಿ ಆಡುತ್ತಾರೆಯೇ? ಮಂಡಿಗೆ ಕಿವಿ ಇದೆಯೇ? ಒಂದೇ ಒಂದು ಸಮಾಧಾನವೆಂದರೆ ಅಷ್ಟೆಲ್ಲ ಸಂಚು ಮಾಡಿದರೂ ಅವನ ಸ್ವರ ಎಲ್ಲೂ ತಪ್ಪಿರಲಿಲ್ಲ. ಕ್ಲಾರಿನೆಟ್ಟಿನವನು ಶ್ರುತಿಗೆಂದು ಸ್ವರ ಕೊಟ್ಟಾಗಲೆಲ್ಲ ಅವನದು ಅದಕ್ಕೆ ಸರಿಯಾಗಿ ಹೋಗಿ ಕೂತಿತ್ತು. ಆರು ಮಿಲಿಮೀಟರಿನ ಮೋಸವನ್ನು ತಾನು ತಿಳಿಯದೆಯೇ ಬರೀ ತುಟಿಯಲ್ಲಿ ಸರಿದೂಗಿಸಿದ್ದನೆಂದರೆ ಆ ತುಟಿ ಎಂಥದ್ದಿರಬೇಕು! ಮೂರು ವಾರದ ಸಂಕಟದಲ್ಲೂ ಇದನ್ನು ನೆನೆದಾಗ ಎದೆ ಸ್ವಲ್ಪ ಉಬ್ಬುತ್ತಿತ್ತು. ನಿನ್ನೆ ವಾದ್ಯವನ್ನು ಮನೆಗೆ ತಂದು, ಸ್ಲೈಡನ್ನು ಗೀರಿಗಿಟ್ಟು, ಬಾಗಿಲು ಹಾಕಿಕೊಂಡು ಊದಿ ನೋಡಿದ್ದ. ಸರಿಯಾಗಿಯೇ ಇತ್ತು. ಒಬ್ಬನೇ ಊದುವವನಿಗೆ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಅವನು ಕೆಂಪು ರಿಂಗೊಂದನ್ನು ಎತ್ತಿ ಹಿಸುಕಿದ. ಬೆರಳುಗಳ ನಡುವೆ ಅಪ್ಪಚ್ಚಿಯಾಗಿ, ಬಿಟ್ಟ ಕೂಡಲೇ ಮತ್ತೆ ಗುಂಡಗಾಯಿತು. ‘ಅದು ಮೆತ್ತಗೆ, ಸದ್ದಿಗೆ ಅದೇ ಒಳ್ಳೇದು’ ಎಂದಳು ಹೆಂಗಸು. ಮೆತ್ತಗಿದ್ದರೆ ಜೋರಾಗಿ ತಳ್ಳಿದವನಿಗೆ ಒಂದು ಮಿಲಿಮೀಟರಾದರೂ ಸಿಕ್ಕಿಬಿಡುತ್ತದೆ. ಅವನು ಅದನ್ನು ಕೆಳಗಿಟ್ಟ. ಬೂದು ಬಣ್ಣದ್ದು ಹಿಸುಕಿದರೆ ಸ್ವಲ್ಪ ಬಗ್ಗಿತು, ಸ್ವಲ್ಪ ಹಟ ಮಾಡಿತು. ಅದರ ಸ್ವಭಾವ ಅವನಿಗೆ ಇಷ್ಟವಾಗಲಿಲ್ಲ, ಅರೆಮನಸ್ಸಿನವರನ್ನು ನಂಬುವುದಕ್ಕಿಂತ ಶತ್ರುವನ್ನು ನಂಬಬಹುದು. ಕಪ್ಪು ರಿಂಗು ಉಗುರಿಗೂ ಜಗ್ಗಲಿಲ್ಲ. ಒಂದೊಂದೂ ಮೂರು ಮಿಲಿಮೀಟರು ದಪ್ಪ. ಅವಳ ಉಕ್ಕಿನ ಅಳತೆಪಟ್ಟಿ ಇಸಿದುಕೊಂಡು ಎಂಟು ರಿಂಗುಗಳನ್ನು ಒಂದೊಂದಾಗಿ ಅಳೆದ. ಒಂದರ ಮೇಲೆ ಅನುಮಾನ ಬಂದು ಬದಲಾಯಿಸಿದ. ಬದಲಾಯಿಸಿದ್ದರ ಮೇಲೂ ಅನುಮಾನ ಬಂದು ಮೊದಲನೆಯದನ್ನೇ ತೆಗೆದುಕೊಂಡ.

‘ಎಂಟು ಯಾಕ್ರೀ? ಎರಡು ಸಾಕಲ್ಲ.’

‘ಒಂದೊಂದು ಕಾಲಿಗೆ ನಾಲ್ಕು.’

ಅವಳು ಕನ್ನಡಕವನ್ನು ಹಣೆಗೆ ಏರಿಸಿ ಅವನನ್ನು ನೋಡಿದಳು. ‘ನಾಲ್ಕು ಮೂರಲೆ ಹನ್ನೆರಡು. ಇದು ಸದ್ದಿಗಲ್ಲ, ಬೀಗ ಹಾಕ್ತಿದೀರಿ. ಒಳಗೆ ತಳ್ಳಬೇಕು ಅಂತ ಬಂದ್ರೆ ಏನ್ ಮಾಡ್ತೀರಿ?’

‘ನನಗೆ ತಳ್ಳೋ ಪ್ರಸಂಗ ಬರೋದಿಲ್ಲ.’

‘ಎಲ್ರಿಗೂ ಬರುತ್ತೆ. ವಯಸ್ಸಾದ ಹಾಗೆ ತುಟಿ ಸಡಿಲ ಆಗುತ್ತೆ, ಸ್ವರ ಇಳಿಯುತ್ತೆ, ಸ್ಲೈಡು ಒಳಗೆ ಹೋಗುತ್ತೆ. ನಮ್ಮ ಯಜಮಾನ್ರದ್ದು ಕೊನೆಕೊನೆಗೆ ಪೂರ್ತಿ ಒಳಗೇ ಇತ್ತು, ಇನ್ನು ತಳ್ಳೋಕೆ ಜಾಗಾನೇ ಇರ್ಲಿಲ್ಲ. ಅವತ್ತೇ ಊದೋದು ಬಿಟ್ರು.’ ಸತ್ತ ಗಂಡನನ್ನು ನೆನೆದದ್ದಕ್ಕೋ ಏನೋ ಸ್ವಲ್ಪ ನಕ್ಕಳು. ಅವನಿಗೆ ಆ ನಗು ತನ್ನ ಮೇಲೆ ಬಂದ ಹಾಗಾಯಿತು. ವಯಸ್ಸಿನ ಮಾತು ಇವಳಿಗೆ ಯಾರು ಹೇಳಿಕೊಟ್ಟದ್ದು? ರಿಂಗುಗಳನ್ನು ಕಾಗದದಲ್ಲಿ ಕಟ್ಟುತ್ತ ಅವಳೇ ಮುಂದುವರಿಸಿದಳು: ‘ನಿಮ್ಮ ಭಾವಮೈದುನ ಬಂದಿದ್ರು ಹೋದ ತಿಂಗಳು. ಸ್ಲೈಡಿನ ಗ್ರೀಸು ಒಯ್ದ್ರು. ಸದ್ದಿಲ್ದೆ ಮೆಲ್ಲಗೆ ಜಾರಬೇಕು, ಅಂಥದ್ದು ಕೊಡಿ ಅಂದ್ರು. ಒಳ್ಳೆ ಮನುಷ್ಯ.’

ಸದ್ದಿಲ್ಲದೆ ಮೆಲ್ಲಗೆ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ಸ್ಲೈಡು ಹೊರತೆಗೆದು, ಕಾಲಿಗೆ ನಾಲ್ಕರಂತೆ ರಿಂಗುಗಳನ್ನು ಒಂದೊಂದಾಗಿ ಉರುಳಿಸಿ ಏರಿಸಿದ. ಬಿಗಿಯಾಗಿದ್ದವು. ಸ್ಲೈಡನ್ನು ಒಳಗೆ ಬಿಟ್ಟ. ಕಪ್ಪು ರಬ್ಬರು ಹೊರಕೊಳವೆಯ ಬಾಯಿಗೆ ಬಂದು ಒತ್ತಿ ನಿಂತಿತು, ಗೀರು ಸರಿಯಾಗಿ ಅದರ ಅಂಚಿನಲ್ಲಿ. ಎರಡೂ ಹೆಬ್ಬೆರಳಿನಿಂದ ಬಲ ಹಾಕಿ ತಳ್ಳಿದ. ಕದಲಲಿಲ್ಲ. ಮೂರು ವಾರದಲ್ಲಿ ಮೊದಲ ಸಲ ಅವನಿಗೆ ಸುಖವೆನ್ನಿಸಿತು.

ಹೊರಗೆ ಬಿಸಿಲು ಜೋರಾಗಿತ್ತು. ಬಸ್ಸಿಗೆ ಕಾಯದೆ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನಡೆದ. ಎದುರಿನಿಂದ ಬಂದವನೊಬ್ಬ ಪೆಟ್ಟಿಗೆಯನ್ನೇ ನೋಡಿದ, ಯಾಕೆ ನೋಡಿದ? ಔಷಧಿ ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖ ಹಾದುಹೋಯಿತು, ತುಟಿಯ ಎರಡು ತುದಿಗಳಲ್ಲಿ ಇಳಿಬಿದ್ದ ಗೆರೆಗಳೊಂದಿಗೆ, ಮತ್ತು ಅವನು ಬೇರೆ ಕಡೆ ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ, ಕುರ್ಚಿಯ ಪರೀಕ್ಷೆಯ ದಿನ, ವಾದ್ಯಗಳ ಕೋಣೆಯಲ್ಲಿ ವಾದ್ಯಕ್ಕೆ ಹಚ್ಚುವ ಎಣ್ಣೆಯ ವಾಸನೆ ಇತ್ತು, ಕಿಟಕಿಯ ಕಟ್ಟೆಯ ಮೇಲೆ ಗಡಿಯಾರದವರ ಟ್ರಂಪೆಟ್ ಇತ್ತು. ಒಂದು ನಿಮಿಷವೂ ತಡವಾಗಿ ಬಂದವರಲ್ಲ ಎಂದು ಆಗಿನ ಮೊದಲ ಕುರ್ಚಿಯವರನ್ನು ಎಲ್ಲರೂ ಗಡಿಯಾರದವರು ಎನ್ನುತ್ತಿದ್ದರು. ಪರೀಕ್ಷೆಗೆ ಐದು ನಿಮಿಷವಿತ್ತು. ಅವರು ಮುಖ ತೊಳೆಯಲು ಹೋಗಿದ್ದರು. ಅವನು ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಹೆಬ್ಬೆರಳಿನಿಂದ ಸ್ಲೈಡನ್ನು ಒಂದಿಷ್ಟು ತಳ್ಳಿದ, ಅಷ್ಟೇ. ಅವರ ಮೊದಲ ಸ್ವರವೇ ಮೇಲೆ ಹೋಗಿ ಒಡಕಾಗಿ ಕೇಳಿಸಿತು. ಗಾಬರಿಯಲ್ಲಿ ಸ್ಲೈಡನ್ನು ಹೆಚ್ಚು ಎಳೆದುಕೊಂಡರು, ಅದು ಕೆಳಗೆ ಬಿತ್ತು. ಆಮೇಲೆ ರಾಗವೇ ಕೈಬಿಟ್ಟುಹೋಯಿತು. ಊದಿ ಮುಗಿಸಿ ಅವರು ಸ್ಲೈಡನ್ನೊಮ್ಮೆ ನೋಡಿದರು, ಇವನನ್ನೊಮ್ಮೆ ನೋಡಿದರು. ಬೈದಿದ್ದರೆ ಮರೆತುಹೋಗುತ್ತಿತ್ತು. ಆ ವಾರವೇ ಅವನು ಸೂಜಿಯಿಂದ ಗೀರು ಎಳೆದದ್ದು. ತನಗೆ ಹಾಗೆ ಯಾರೂ ಮಾಡಬಾರದಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಆದರೆ ಪುಟ್ಟನಿಗೆ, ಅವನು ಬ್ಯಾಂಡು ಸೇರಿದ ಹೊಸತರಲ್ಲಿ, ಯಾರದೋ ಕಥೆ ಎಂಬಂತೆ ಒಮ್ಮೆ ಹೇಳಿದ್ದ, ವಾದ್ಯವನ್ನು ಎಲ್ಲೆಂದರಲ್ಲಿ ಬಿಟ್ಟುಹೋಗಬೇಡ ಎಂದು ಬುದ್ಧಿ ಹೇಳುವ ನೆಪದಲ್ಲಿ. ಕತ್ತಿ ಕೊಟ್ಟು ಕೊಲ್ಲಿಸಿಕೊಂಡ ಹಾಗಾಯಿತು. ರಸ್ತೆ ದಾಟುವಾಗ ಅವನಿಗೆ ಪುಟ್ಟನ ಮೇಲಿನ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಸಿಟ್ಟು ಇರುವುದು ತಿಳಿಯಿತು. ಅದು ಯಾರ ಮೇಲೆ ಎಂದು ಕೇಳಿಕೊಳ್ಳದೆ ಬೇಗಬೇಗ ನಡೆದ.

ಮನೆಯಲ್ಲಿ ಹೆಂಡತಿ ಊಟಕ್ಕೆ ಕಾಯುತ್ತಿದ್ದಳು. ಪೆಟ್ಟಿಗೆಯನ್ನು ಅವನು ಪಕ್ಕದ ಕುರ್ಚಿಯ ಮೇಲೆ, ಕೈಗೆಟುಕುವ ಹಾಗೆ ಇಟ್ಟುಕೊಂಡ. ಅವಳು ಅದನ್ನು ನೋಡಿದಳು, ಅವನು ನೋಡಿದ್ದನ್ನು ನೋಡಿದಳು, ಅನ್ನ ಬಡಿಸಿದಳು.

‘ವಾದ್ಯ ಯಾಕ್ರೀ ಮನೆಗೆ ತಂದಿದ್ದು? ದಿನಾ ಅಲ್ಲೇ ಇರುತ್ತಲ್ಲ.’

‘ಯಾಕೆ, ತರಬಾರದಾ?’

‘ತರಬಾರದು ಅಂದ್ನಾ ನಾನು? ಬೇಗ ಹೋಗಿ ಕೋಣೇಲಿಟ್ಬಿಡಿ. ಪುಟ್ಟ ತಂದು ಕೊಡ್ತಾನೆ. ಇವತ್ತಾದ್ರೂ ಸೊಂಟ ನೋಯಿಸ್ಕೋಬೇಡಿ.’

ಅವನು ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಇವಳಿಗೂ ಗೊತ್ತು. ಪುಟ್ಟನ ಕೈಗೆ ವಾದ್ಯ ಹೋಗಲೇಬೇಕೆಂದು ಇವಳಿಗೂ ಅವಸರ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಊದಿದ್ದನ್ನು ಕೇಳಿಸಿಕೊಂಡವಳು. ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತ, ಅವನು ತಪ್ಪಿದಲ್ಲಿ ಒಂದು ಕ್ಷಣ ಬಟ್ಟೆ ಕೊಡವುವುದು ನಿಲ್ಲಿಸುತ್ತಿದ್ದವಳು. ಈಚೆಗೆ ಅವನು ಊದಲು ಶುರುಮಾಡಿದರೆ ರೇಡಿಯೋ ಹಾಕುತ್ತಾಳೆ. ರಕ್ತ ರಕ್ತಕ್ಕೇ ಸೇರುವುದು, ಕಟ್ಟಿಕೊಂಡ ಗಂಡ ಎಷ್ಟಾದರೂ ಹೊರಗಿನವನೇ.

‘ನಿನ್ನ ತಮ್ಮನಿಗೆ ಮೊದಲ ಕುರ್ಚಿ ಸಿಕ್ಕರೆ ನಿನಗೆ ಖುಷಿ ಅಲ್ವಾ?’ ಎಂದ.

ಅವಳ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು. ‘ಏನ್ ಮಾತು ಆಡ್ತೀರಿ? ಅವನು ಆ ಕುರ್ಚಿ ಕಡೆ ಕಣ್ಣೆತ್ತೂ ನೋಡಿದವನಲ್ಲ.’

‘ಕಣ್ಣು ಯಾಕೆ ಎತ್ತಬೇಕು? ಕೈ ಇದೆಯಲ್ಲ.’

ಅವಳ ಮುಖ ಕೆಂಪಾಯಿತು. ಒಳಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆಗೆ ನೀರು ಬಿಟ್ಟಳು. ನೀರು ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ. ಸಿಕ್ಕಿಬಿದ್ದವಳ ರೀತಿ ಅದು ಎಂದುಕೊಂಡ. ಅದರಲ್ಲಿ ಅಳುವೂ ಇರಬಹುದೆಂದು ಅನ್ನಿಸಿತು, ಆದರೆ ಅಂಥದ್ದನ್ನು ನಂಬಿ ಕೂರುವ ದಿನ ಇವತ್ತಲ್ಲ. ಹೇಳದೆ ಕೇಳದೆ ಪೆಟ್ಟಿಗೆ ಎತ್ತಿಕೊಂಡು ಹೊರಟ. ಗೇಟಿನವರೆಗೂ ಅವಳು ಬಂದು, ‘ರೀ, ಹುಷಾರು’ ಎಂದಳು. ಯಾರಿಗೆ ಹುಷಾರು, ಯಾರಿಂದ ಹುಷಾರು ಎಂದುಕೊಳ್ಳುತ್ತಲೇ ಗೇಟು ಹಾಕಿಕೊಂಡು ನಡೆದ.

ಮೂರೂವರೆಗೆ ವಾದ್ಯಗಳ ಕೋಣೆಯಲ್ಲಿ ಟ್ರಂಪೆಟ್ಟನ್ನು ಅದರ ಗೂಡಿನಲ್ಲಿಟ್ಟು, ಎಲ್ಲರಿಗೂ ಕೇಳಿಸುವ ಹಾಗೆ ‘ನೀರು ಕುಡಿದು ಬರ್ತೀನಿ’ ಎಂದು ಹೊರಬಂದ. ಓಣಿಯ ತಿರುವಿನಲ್ಲಿ ಡ್ರಮ್ಮುಗಳ ಹಳೆಯ ಪೆಟ್ಟಿಗೆಗಳ ಹಿಂದೆ ನಿಂತರೆ ಕೋಣೆಯ ಬಾಗಿಲ ಸಂದಿ ಕಾಣುತ್ತದೆ. ಐವತ್ತೆಂಟು ವರ್ಷದವನು ಹೀಗೆ ಪೆಟ್ಟಿಗೆಗಳ ಹಿಂದೆ ಬಗ್ಗಿ ನಿಲ್ಲಲು ಅವನಿಗೇ ನಾಚಿಕೆಯಾಯಿತು. ಸೊಂಟ ಹಿಡಿಯಿತು. ಧೂಳಿಗೆ ಸೀನು ಬಂದು ಮೂಗು ಹಿಂಡಿ ತಡೆದುಕೊಂಡ. ಪುಟ್ಟ ಬಂದ. ತನ್ನ ವಾದ್ಯ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಆಮೇಲೆ ಭಾವನದನ್ನು ತೆಗೆದ. ಬಾಗಿಲ ಕಡೆ ಒಮ್ಮೆ ನೋಡಿದ. ಹೆಬ್ಬೆರಳನ್ನು ಸ್ಲೈಡಿನ ಬಾಗಿನ ಮೇಲಿಟ್ಟು, ಮಗುವಿನ ಬೆನ್ನು ತಟ್ಟುವವನ ಹಾಗೆ ಮೆಲ್ಲಗೆ ತಳ್ಳಿದ. ಹೋಗಲಿಲ್ಲ. ಇನ್ನೊಮ್ಮೆ ತಳ್ಳಿದ. ವಾದ್ಯ ತಿರುಗಿಸಿ ನೋಡಿ, ಕಪ್ಪು ರಿಂಗುಗಳ ಮೇಲೆ ಬೆರಳಾಡಿಸಿದ, ಎಣಿಸಿದ, ಮತ್ತು ಅವನ ಮುಖದಲ್ಲಿ ಭಯ ಮೂಡಿತು. ಅದು ಭಯವೇ. ಮೂರು ವಾರದಿಂದ ಭಾವ ನೋಡಬೇಕೆಂದು ಕಾದಿದ್ದ ಮುಖ ಅದೇ.

‘ಏನಾಯ್ತು ಪುಟ್ಟ? ಹೋಗ್ತಿಲ್ವಾ?’ ಎನ್ನುತ್ತ ಒಳಗೆ ಬಂದ.

ಪುಟ್ಟ ಬೆಚ್ಚಿದ. ‘ಭಾವ... ಇದೇನಿದು?’

‘ರಬ್ಬರು. ಟಕ್ ಅಂತ ಸದ್ದು ಬಾರದೆ ಇರ್ಲಿ ಅಂತ.’

‘ತೆಗೀರಿ ಭಾವ. ಇವತ್ತೊಂದು ದಿನ ತೆಗೀರಿ. ನಾಳೆ ಬೇಕಾದ್ರೆ ಹಾಕ್ಕೊಳ್ಳಿ.’

‘ಇವತ್ತೇ ಯಾಕೆ ತೆಗೀಬೇಕು?’

‘ನಿಮ್ಮ ಕಾಲಿಗೆ ಬೀಳ್ತೀನಿ ಭಾವ.’ ಪುಟ್ಟನ ಕಣ್ಣಲ್ಲಿ ನೀರಾಡುತ್ತಿತ್ತು. ‘ನನ್ನನ್ನ ಏನ್ ಬೇಕಾದ್ರೂ ಅಂದ್ಕೊಳ್ಳಿ. ಇದನ್ನ ತೆಗೀರಿ.’

ಕಳ್ಳ ಕಾಲಿಗೆ ಬೀಳುವುದು ಸಿಕ್ಕಿಬಿದ್ದಾಗ. ಅವನು ವಾದ್ಯವನ್ನು ಪುಟ್ಟನ ಕೈಯಿಂದ ಕಿತ್ತುಕೊಂಡು, ಸೊಂಟದ ನೋವನ್ನು ತೋರಗೊಡದೆ, ನೆಟ್ಟಗೆ ನಡೆದು ಸಭಾಂಗಣಕ್ಕೆ ಹೋದ.

ಹದಿನೆಂಟು ಜನ ಅರ್ಧಚಂದ್ರಾಕಾರವಾಗಿ ಕೂತಿದ್ದರು. ಮಧ್ಯೆ ಎರಡು ಕುರ್ಚಿ ಖಾಲಿ ಇದ್ದವು, ಒಂದು ಅವನದು, ಪಕ್ಕದ್ದು ಹಿಂದೆಯೇ ಬಂದ ಪುಟ್ಟನದು. ಬ್ಯಾಂಡ್ ಮಾಸ್ಟರು ಹಾಳೆ ನೋಡಿ, ‘ಮೊದಲ ಕುರ್ಚಿಗೆ ಬಂದಿರೋದು ಒಂದೇ ಹೆಸರು’ ಎಂದು ಅವನತ್ತ ಕೈ ತೋರಿಸಿದರು. ಒಂದೇ? ಪುಟ್ಟ ಹೆಸರು ಕೊಟ್ಟಿಲ್ಲವೇ? ಒಂದು ಗಳಿಗೆ ಅವನಿಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ಆದರೆ ಮನಸ್ಸು ಕೂಡಲೇ ದಾರಿ ಹುಡುಕಿಕೊಂಡಿತು: ಜಾಣ. ತಾನು ಬಿದ್ದರೆ ಕುರ್ಚಿ ತಾನಾಗಿ ಪಕ್ಕದವನಿಗೆ ಬರುತ್ತದೆ, ಹೆಸರು ಕೊಟ್ಟು ಕೆಟ್ಟವನೇಕಾಗಬೇಕು? ಕ್ಲಾರಿನೆಟ್ಟಿನವನು ಸ್ವರ ಕೊಟ್ಟ. ಇವನು ಊದಿದ. ಎರಡು ಸ್ವರಗಳ ನಡುವೆ ಏನೋ ಅದುರಿತು, ಸಡಿಲ ಬಾಗಿಲು ಗಾಳಿಗೆ ಅದುರುವ ಹಾಗೆ. ಕ್ಲಾರಿನೆಟ್ಟಿನವನು ಬೇಕೆಂದೇ ಮೇಲೆ ಊದುತ್ತಿದ್ದಾನೆ ಎಂದು ಮೊದಲು ಅನ್ನಿಸಿತು, ಅವನೂ ಸೇರಿಕೊಂಡಿದ್ದಾನೆ. ಮತ್ತೆ ಊದಿದ. ಮತ್ತೆ ಅದುರಿತು. ಅವನ ಸ್ವರ ಕೆಳಗಿತ್ತು. ಪರವಾಗಿಲ್ಲ, ತುಟಿ ಇದೆ. ತುಟಿ ಬಿಗಿದು ಸ್ವರವನ್ನು ಎತ್ತಲು ನೋಡಿದ. ಆರು ಮಿಲಿಮೀಟರಿನ ಮೋಸವನ್ನು ಮೂರು ವಾರ ಹೊತ್ತಿದ್ದ ತುಟಿ ಅದು. ಈಗ ಅದು ನಡುಗಿತು, ತುದಿಯಿಂದ ಗಾಳಿ ಸೋರಿತು, ಸ್ವರ ಇದ್ದಲ್ಲೇ ಇತ್ತು. ಯಾರೋ ಕೆಮ್ಮಿದರು.

‘ಸ್ವಲ್ಪ ಒಳಗೆ ತಳ್ಳಿ’ ಎಂದರು ಮಾಸ್ಟರು, ಸಹಜವಾಗಿ.

ಅವನು ತಳ್ಳಿದ. ರಬ್ಬರು ಕದಲಲಿಲ್ಲ. ಹದಿನೆಂಟು ಜನರ ಎದುರು, ಹಲ್ಲು ಕಚ್ಚಿ, ಎರಡೂ ಹೆಬ್ಬೆರಳಿನಿಂದ ತಳ್ಳಿದ. ಎಷ್ಟು ಚೆನ್ನಾಗಿ ಆರಿಸಿದ್ದ! ಸ್ಲೈಡನ್ನು ಹೊರಗೆಳೆದು ತೊಡೆಯ ಮೇಲಿಟ್ಟುಕೊಂಡು ರಿಂಗನ್ನು ಉಗುರಿನಿಂದ ಕೀಳಲು ನೋಡಿದ. ಗ್ರೀಸಿಗೆ ಬೆರಳು ಜಾರಿತು, ಉಗುರು ಸೀಳಿತು. ಬೆವರು ಕಣ್ಣಿಗೆ ಇಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಶ್ಶ್ ಎಂದರು. ಆಗ ಪಕ್ಕದ ಕುರ್ಚಿಯಿಂದ ಪುಟ್ಟ ಎದ್ದು ಬಂದು, ಅವನ ಮುಂದೆ ನೆಲದ ಮೇಲೆ ಮಂಡಿಯೂರಿ, ಏನೂ ಕೇಳದೆ ಸ್ಲೈಡು ತೆಗೆದುಕೊಂಡ. ಹೆಬ್ಬೆರಳಿನ ಬುಡದಿಂದ ರಿಂಗನ್ನು ಉರುಳಿಸಿದ. ಒಂದು ಬಂತು. ಎರಡು. ಇನ್ನೊಂದು ಕಾಲಿನಿಂದ ಒಂದು, ಎರಡು. ಅಷ್ಟಕ್ಕೇ ನಿಲ್ಲಿಸಿದ. ಕಾಲಿಗೆ ಎರಡೆರಡು ರಿಂಗು ಹಾಗೆಯೇ ಬಿಟ್ಟು, ಅಳೆಯದೆ, ಊದಿಸಿ ನೋಡದೆ, ಸ್ಲೈಡನ್ನು ಒಳಗೆ ಕೂರಿಸಿ ವಾದ್ಯವನ್ನು ಭಾವನ ಕೈಗಿಟ್ಟ. ಆರು ಮಿಲಿಮೀಟರು.

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಯಾರಿಗೂ ಆಶ್ಚರ್ಯವೂ ಆಗಲಿಲ್ಲ. ಮಾಸ್ಟರು ಹಾಳೆಯ ಮೇಲೆ ಕಣ್ಣಿಟ್ಟಿದ್ದರು, ಕ್ಲಾರಿನೆಟ್ಟಿನವನು ತನ್ನ ವಾದ್ಯದ ಬಾಯಿ ಒರೆಸುತ್ತಿದ್ದ. ಅವನು ಒಂದೊಂದೇ ಮುಖ ನೋಡುತ್ತ ಹೋದ. ಇಷ್ಟು ದಿನ ಯಾರ್ಯಾರ ಮೇಲೋ ಏನೇನೋ ಅನುಮಾನ ಪಟ್ಟಿದ್ದ. ಇವರಿಗೆಲ್ಲ ಗೊತ್ತಿರಬಹುದೆಂಬ ಅನುಮಾನ ಮಾತ್ರ ಬಂದಿರಲಿಲ್ಲ. ಇವರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ನಲ್ಲಿ ಬಿಟ್ಟು ನಿಂತವಳಿಗೂ ಗೊತ್ತಿತ್ತು.

‘ಎಷ್ಟು ದಿನದಿಂದ?’ ಎಂದು ಪುಟ್ಟನೊಬ್ಬನಿಗೇ ಕೇಳಿಸುವಂತೆ ಕೇಳಿದ.

‘ನಾಲ್ಕು ವರ್ಷ ಆಯ್ತು, ಭಾವ.’

‘ನಾಲ್ಕು ವರ್ಷ?’

‘ಮೊದಲು ಎರಡೇ ಇತ್ತು. ಆಮೇಲೆ ನಾಲ್ಕು ಆಯ್ತು. ಆರಾಗಿದ್ದು ಈಚೆಗೆ. ಊದಿ ಮುಗಿದ ಮೇಲೆ ಮತ್ತೆ ಗೀರಿಗೆ ಎಳೆದಿಡ್ತಿದ್ದೆ. ಈ ಮೂರು ವಾರ ನೀವೇ ಒರೆಸ್ತೀನಿ ಅಂತ ಕೂತ್ರಿ.’

‘ಒಂದು ಮಾತು ಹೇಳಬಹುದಿತ್ತಲ್ಲೋ.’

ಪುಟ್ಟ ತಲೆ ಎತ್ತಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಒಳ್ಳೆಯದಿತ್ತು.

‘ಹೇಳಿದ್ರೆ ನಂಬ್ತಿದ್ರಾ, ಭಾವ?’

ನಂಬುತ್ತಿದ್ದೆ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಮಾಸ್ಟರು ಕೈ ಎತ್ತಿದರು, ಕ್ಲಾರಿನೆಟ್ಟಿನವನು ಸ್ವರ ಹಿಡಿದ, ತೆರೆದ ಬಾಯಿಯನ್ನು ವಾದ್ಯಕ್ಕೆ ಕೊಡಬೇಕಾಯಿತು. ಸ್ವರ ಹೋಗಿ ಸ್ವರಕ್ಕೆ ಸೇರಿತು, ನಡುವೆ ಒಂದು ಕೂದಲಷ್ಟೂ ಅದುರಲಿಲ್ಲ. ಅವನಿಗೆ ಅಳು ಬಂತು. ಅತ್ತರೆ ತುಟಿ ಬಿಟ್ಟುಹೋಗುತ್ತದೆ ಎಂದು ಹಿತ್ತಿಲಲ್ಲಿ ನಿಲ್ಲಿಸಿ ಹೇಳಿಕೊಟ್ಟವನು ತಾನೇ. ಪುಟ್ಟ ಇನ್ನೂ ನೆಲದ ಮೇಲೆಯೇ ಇದ್ದ. ಭಾವ ಊದುತ್ತಲೇ ಇದ್ದ, ಮಾಸ್ಟರು ಸಾಕು ಎಂದ ಮೇಲೂ.